ಅಕ್ಕ ಹುಟ್ಟಿದ ಗೆರೆ

ನನ್ನ ಕೈಗೆ ಒಂದು ಕೆಟ್ಟ ಚಾಳಿ ಇದೆ. ಒರಟು ಮರ ಕಂಡರೆ ಅದು ಸುಮ್ಮನಿರುವುದಿಲ್ಲ. ಬಡಗಿಯ ಕೈ. ಈ ಚಾಳಿಯೇ ಅಕ್ಕನ ಮನೆಯನ್ನು ತಿಂದಿತು. ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಪೆರ್ಲದಿಂದ ಸ್ವಲ್ಪ ಈಚೆ, ರಸ್ತೆಗೆ ತಾಗಿಕೊಂಡೇ ಇದ್ದ ಆ ಮನೆಯನ್ನು ಕಟ್ಟಿದವರು ನಮ್ಮ ಅಪ್ಪ. ಅವರು ಮರ ಕೊಯ್ಯುವವರು. ಗುಂಡಿಯ ಮೇಲೆ ದಿಮ್ಮಿ ಇಟ್ಟು, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಆಳುದ್ದದ ಗರಗಸ ಎಳೆಯುತ್ತಿದ್ದ ಕಾಲ. ಅಪ್ಪ ಕೆಳಗಿನವರು, ಜೀವಮಾನವಿಡೀ ಕಣ್ಣಿಗೆ ಮರದ ಹುಡಿ ಬೀಳಿಸಿಕೊಂಡರು. ದಿಮ್ಮಿಯ ಮೊದಲ ಹೋಳಿನ ಒಂದು ಮೈಯಲ್ಲಿ ತೊಗಟೆ ಇರುತ್ತದಲ್ಲ, ಅದು ಕೊಯ್ದವರಿಗೇ ಸೇರುವುದು ಆಗಿನ ರೂಢಿ. ಅಂಥ ಹೋಳುಗಳನ್ನು ನೆಕ್ರಾಜೆಯಿಂದ, ಎಡನೀರಿನಿಂದ, ಎಲ್ಲೆಲ್ಲಿಂದಲೋ ಹೊತ್ತು ತಂದು ಅಪ್ಪ ಗೋಡೆ ಮಾಡಿದ್ದರು. ತೊಗಟೆ ಹೊರಗೆ, ಕೊಯ್ದ ಮೈ ಒಳಗೆ. ಹಲಸು, ಮಾವು, ಬೋಗಿ, ಒಂದರ ಬಣ್ಣ ಇನ್ನೊಂದಕ್ಕಿಲ್ಲ.

ಒಳಮೈಯ ತುಂಬ ಗರಗಸದ ಗೀರುಗಳು. ದಿನದ ಕೆಲಸ ನಿಂತಲ್ಲಿ ಅಪ್ಪ ಮಸಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ಅಡುಗೆಕೋಣೆಯ ಬಾಗಿಲ ಪಕ್ಕದ ಹಲಸಿನ ಹಲಗೆಯಲ್ಲಿದ್ದ ಗೆರೆಯನ್ನು ತೋರಿಸಿ ಅಕ್ಕನಿಗೆ ಹೇಳುತ್ತಿದ್ದರು: "ಇಲ್ಲಿಗೆ ಮುಟ್ಟುವಾಗ ಜನ ಬಂದು ಕರೆದರು. ಗರಗಸ ಅಲ್ಲೇ ಬಿಟ್ಟು ಓಡಿದೆ. ಮನೆಗೆ ಬರುವಾಗ ನೀನು ಹುಟ್ಟಿ ಆಗಿತ್ತು."

ನನಗೆ ಹೊಟ್ಟೆಕಿಚ್ಚು. ನಾನು ಹುಟ್ಟಿದ್ದು ಕೆಲಸವಿಲ್ಲದ ಭಾನುವಾರ. ನನಗೆ ಗೆರೆಯಿಲ್ಲ.

ಅಪ್ಪ ಹೋದ ಮೇಲೆ ಗಂಡನಿಲ್ಲದ ಅಕ್ಕ ಅಲ್ಲೇ ಇದ್ದಳು. ಮೊಬೈಲಿನಲ್ಲೇ ಫೋಟೊ ತೆಗೆಯುವ ಕಾಲ ಬಂದಾಗ ರಸ್ತೆ ಅಗಲ ಮಾಡುವ ಸುದ್ದಿಯೂ ಬಂತು. ಅಳತೆಯವರು ಮನೆಯ ಹಿಂಬದಿಗೇ ಕಲ್ಲು ಹುಗಿದು ಹೋದರು, ಅಂದರೆ ಮನೆಯಿಡೀ ರಸ್ತೆಗೆ. ಆಗಲೇ ಹಳೆಯ ಕಟ್ಟಡಗಳ ಬಗ್ಗೆ ಓದುವ ಒಬ್ಬ ಹೆಂಗಸು ಬಂದರು. ಗೋಡೆಯ ಗೀರುಗಳ ಮೇಲೆ ಬೆರಳಾಡಿಸುತ್ತ ತುಂಬ ಹೊತ್ತು ನಿಂತರು.

"ದೊಡ್ಡವರ ಮನೆ ಉಳಿಸ್ಲಿಕ್ಕೆ ಜನ ಉಂಟು. ಕೆಲಸದವರ ಮನೆಯನ್ನು ಯಾರು ಕೇಳ್ತಾರೆ? ಇದು ಉಳಿಸ್ಬೇಕಾದ ಹಳೆ ಕಟ್ಟಡಗಳ ಪಟ್ಟಿಗೆ ಸೇರಿದ್ರೆ ರಸ್ತೆ ಆಚೆ ಬದಿಗೆ ಸರೀಬಹುದು. ಮೇಲಿನವರನ್ನು ಕರ್ಕೊಂಡು ಬರ್ತೇನೆ. ನೀವು ಎಂತದೂ ಮಾಡ್ಬೇಡಿ, ಹೀಗೇ ಇರ್ಲಿ," ಎಂದರು.

ನಮ್ಮಲ್ಲಿ ಮನೆಗೆ ಬರುವವರು ಎಂತದೂ ಮಾಡಬೇಡಿ ಎಂದರೆ ಆ ದಿನ ಪಾಯಸವೇ ಆಗಬೇಕು. ಹಾಗೆ ಹೇಳುವುದು ಅವರ ಮರ್ಯಾದೆ, ಮಾಡುವುದು ನಮ್ಮ ಮರ್ಯಾದೆ. ಆ ಮಾತನ್ನೂ ನಾನು ಹಾಗೆಯೇ ತೆಗೆದುಕೊಂಡೆ.

ಅಕ್ಕ ಮಗಳ ಬಾಣಂತನಕ್ಕೆಂದು ಪುತ್ತೂರಿಗೆ ಹೋಗಿದ್ದಳು. ಅವಳು ಬರುವಾಗ ಬೆರಗಾಗಬೇಕು ಎಂದುಕೊಂಡೆ. ಹಲಗೆಗಳನ್ನು ಒಂದೊಂದಾಗಿ ಕಳಚಿ ಕೀಸುಳಿ ಹಾಕಿ ನುಣುಪು ಮಾಡಿದೆ. ಹೊಗೆ ಹಿಡಿದ ಕಪ್ಪು ಸುರುಳಿ ಸುರುಳಿಯಾಗಿ ಎದ್ದು ಬಂತು. ಅಡಿಯಲ್ಲಿ ಹಲಸಿನ ಹಳದಿ ಹೊಳೆಯಿತು. ನನ್ನ ಜನ್ಮದಲ್ಲಿ ಅಷ್ಟು ಚಂದದ ಕೆಲಸ ಮಾಡಿರಲಿಲ್ಲ. ಬಾಗಿಲ ಪಕ್ಕದ ಹಲಗೆಯನ್ನೂ ಕೀಸಿದೆ. ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೆರೆ ಕಂಡಿತ್ತು. ಒಂದೇ ಹಲಗೆ ಒರಟಾಗಿ ಉಳಿದರೆ ಕೆಲಸ ಗೊತ್ತಿಲ್ಲದವನು ಅನ್ನುತ್ತಾರಲ್ಲ ಎಂದು ಕೈ ಮುಂದೆ ಹೋಯಿತು. ಆಮೇಲೆ ವಾರ್ನಿಶ್ ಹೊಡೆದೆ.

ಮೇಲಿನವರು ಬಂದು ನೋಡಿದರು. "ಇದರಲ್ಲಿ ಹಳತು ಎಂತ ಉಂಟು?" ಎಂದು ಒಬ್ಬರು ಆ ಹೆಂಗಸನ್ನು ಕೇಳಿದರು. ಆಕೆ ನನ್ನ ಮುಖ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮನೆ ಪಟ್ಟಿಗೆ ಸೇರಲಿಲ್ಲ.

ಅಕ್ಕ ಬಂದವಳು ಚೀಲ ಕೆಳಗಿಡದೆ ನೇರ ಅಡುಗೆಕೋಣೆಯ ಬಾಗಿಲಿಗೆ ಹೋದಳು. ಹಲಗೆಯನ್ನು ಅಂಗೈಯಿಂದ ಮೇಲೆ ಕೆಳಗೆ ಸವರಿದಳು. ಹಲಗೆ ತಿರುಗಿಸಿ ಹೊಡೆದಿರಬಹುದೆಂದು ಹೊರಗೆ ಹೋಗಿಯೂ ನೋಡಿದಳು.

"ನಾನು ಎಲ್ಲಿ?" ಎಂದು ಕೇಳಿದಳು.

ನಾನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಅಂದಾಜಿಗೆ ಒಂದು ಗೆರೆ ಎಳೆದೆ. ಅಕ್ಕ ಅದನ್ನು ನೋಡಿದಳು. ಮತ್ತೆ ಸೆರಗಿನ ತುದಿಯಿಂದ ಮೆಲ್ಲಗೆ ಉಜ್ಜಿ ತೆಗೆದಳು.

"ಅದು ನೀನು ಎಳೆದದ್ದು ಮಾರಾಯ," ಎಂದಳು. "ಅಪ್ಪ ಓಡಿ ಬಂದದ್ದು ಅಲ್ಲಿಂದ ಅಲ್ಲ."