ವಾಲ್ವಣ್ಣನ ಎಡಗಿವಿ

ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಎದುರಿನ ಬೇಕರಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಅಷ್ಟರಲ್ಲಾಗಲೇ ವಾಲ್ವಣ್ಣ ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಸ್ಟೀರಿಯೋ ರಿಸೀವರೊಂದರ ಮುಚ್ಚಳ ಬಿಚ್ಚಿಕೊಂಡು ಕೂತಿದ್ದಾರೆ. ಟ್ರಾನ್ಸಿಸ್ಟರಿಗೂ ಮುಂಚಿನ ಕಾಲದ, ಬಲ್ಬಿನಂಥ ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಗಾಗುತ್ತಿವೆ. ಬಲಗೈ ಪೆಟ್ಟಿಗೆಯೊಳಗಿದೆ, ಎಡಗೈ ಪ್ಯಾಂಟಿನ ಜೇಬಿನಲ್ಲಿದೆ. ಚಳಿಗಲ್ಲ, ಜೀವಭಯಕ್ಕೆ. ಇಂಥ ಸೆಟ್ಟಿನೊಳಗೆ ಮನೆಯ ಕರೆಂಟಿಗಿಂತ ಜೋರಾದ ಕರೆಂಟು ಓಡಾಡುತ್ತದೆ. ಎರಡೂ ಕೈ ಹಾಕಿದರೆ ಷಾಕು ಒಂದು ಕೈಯಲ್ಲಿ ಹತ್ತಿ, ಎದೆ ದಾಟಿ, ಇನ್ನೊಂದು ಕೈಯಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಈ ಕಸುಬಿನವರು ಒಂದು ಕೈಯನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ.

ಇಷ್ಟು ಬೇಗ ಯಾಕೆ ಎಂದು ಪಕ್ಕದಲ್ಲಿ ಕೂತ ನಾನು ಕೇಳಿದರೆ, ಬೀದಿ ಎದ್ದಮೇಲೆ ಸೆಟ್ಟಿನ ಗುಂಯ್‌ಗುಡುವ ಸದ್ದು ಕಿವಿಗೆ ಸಿಗುವುದಿಲ್ಲವಂತೆ. ಹೆಸರು ಹಿಡಿದು ಕೇಳಿದರೆ ಈ ಬೀದಿಯಲ್ಲಿ ಯಾರೂ ಅವರ ಮನೆ ತೋರಿಸಲಾರರು. ವಾಲ್ವಣ್ಣ ಎಂದರೆ ಎಲ್ಲರೂ ಕೈ ತೋರಿಸುತ್ತಾರೆ. ವಾಲ್ವಿನ ಕಾಲ ಮುಗಿದು ಎಷ್ಟೋ ವರ್ಷ ಕಳೆದರೂ ಅದರ ಬೆನ್ನು ಬಿಡದ ಆಸಾಮಿ. ಜೊತೆಯವರೆಲ್ಲ ಟೀವಿಗೆ ಹೋದರು, ಆಮೇಲೆ ಮೊಬೈಲಿಗೆ ಹೋದರು. ಇವರು ಮಾತ್ರ ಬೆಸುಗೆಯ ಹೊಗೆ ಕುಡಿಯುತ್ತಾ ಇಲ್ಲೇ ಉಳಿದರು. ಮನೆ ನಡೆಸಿದ್ದು ಬಹುಪಾಲು ಹೆಂಡತಿಯ ಹೊಲಿಗೆ ಯಂತ್ರ. ಅದನ್ನು ಅವರೇ ಹೇಳುತ್ತಾರೆ, ಯಾವ ಮುಜುಗರವೂ ಇಲ್ಲದೆ.

ಮೇಜಿನ ಮೇಲಿರುವ ಸೆಟ್ಟು ಮೂರನೇ ಬೀದಿಯ ಕ್ಷೌರದಂಗಡಿಯದು. ಯಜಮಾನನ ಅಪ್ಪನ ಕಾಲದಿಂದಲೂ ಅಲ್ಲೇ ಹಾಡುತ್ತಿದ್ದ ಪೆಟ್ಟಿಗೆ. ಅದು ಇಲ್ಲಿಗೆ ಬರುತ್ತಿರುವುದು ಇದು ಮೂರನೇ ಸಲ. ಇವತ್ತು ಹಿಂತಿರುಗಿಸಬೇಕು. ಈ ಸಲವೂ ಸರಿಯಾಗಿಲ್ಲವೆಂದು ಅವನು ಹೇಳಿದರೆ ಅಂಗಡಿ ಮುಚ್ಚಿ, ಸಾಮಾನೆಲ್ಲ ಯಾರಿಗಾದರೂ ಕೊಟ್ಟುಬಿಡುವುದೆಂದು ವಾಲ್ವಣ್ಣ ಹೆಂಡತಿಯ ಮುಂದೆ ಹೇಳಿಯಾಗಿದೆ. ಬಾಯಿಮಾತಿಗೆ ಹೇಳಿದ್ದಲ್ಲ ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಊಟ ಸೇರಿಲ್ಲವಂತೆ.

ಮೊದಲ ಸಲ ಬಂದಾಗ ರೋಗ ಸುಲಭದ್ದೇ. ಎಡಗಡೆಯ ಸ್ಪೀಕರಿನಲ್ಲಿ ದನಿ ಸಣ್ಣಗೆ, ಬಲಗಡೆ ಜೋರು. ಇದಕ್ಕೆ ವಾಲ್ವಣ್ಣನದು ಅದಲುಬದಲಿನ ವೈದ್ಯ. ಎಡಗಡೆಯ ವಾಲ್ವನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕುತ್ತಾರೆ. ಸಣ್ಣ ದನಿ ವಾಲ್ವಿನ ಜೊತೆಗೇ ಬಲಕ್ಕೆ ಹೋಯಿತೋ, ಕಳ್ಳ ಸಿಕ್ಕಿಬಿದ್ದ ಹಾಗೆ. ಹೋಗಲಿಲ್ಲವೋ, ಸ್ಪೀಕರಿನ ತಂತಿ ಬದಲಿಸಿ ನೋಡುತ್ತಾರೆ. ಹೀಗೆ ಒಂದೊಂದನ್ನೇ ಬದಲಿಸುತ್ತಾ ಹೋದರೆ ಎಂಥ ಕಳ್ಳನೂ ತಪ್ಪಿಸಿಕೊಳ್ಳಲಾರ. ಆ ದಿನವೂ ಸಿಕ್ಕಿತು, ಶಕ್ತಿಗುಂದಿದ ಒಂದು ವಾಲ್ವು. ಅದರ ಜಾಗಕ್ಕೆ ಬೇರೆಯದನ್ನು ಹಾಕಿದರು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಿವಿಗೊಟ್ಟು ಕೇಳಿದರೆ ಎಡಗಡೆ ಇನ್ನೂ ಚೂರು ಸಣ್ಣಗೇ ಇದೆ. ಮೀಟರು ಹಿಡಿದರು. ಅದು ಎರಡೂ ಪಕ್ಕ ಸಮವೆಂದು ತೋರಿಸಿತು. ಬೇರೆಯವರಾಗಿದ್ದರೆ ಮೀಟರನ್ನು ನಂಬುತ್ತಿದ್ದರು. ವಾಲ್ವಣ್ಣ ಮೀಟರಿನ ಸೆಲ್ಲು ಬದಲಿಸಿದರು. ಕೈ ಪಳಗಿದವರು ಮಾತ್ರ ಮಾಡಬಲ್ಲ ತಪ್ಪು ಇದು. ಎಡಗಡೆಯ ಒಂದು ರೆಸಿಸ್ಟರನ್ನು ಬದಲಿಸಿ, ತಮ್ಮ ಕಿವಿಗೆ ಸಮ ಅನ್ನಿಸುವಷ್ಟು ದನಿ ಏರಿಸಿ ಕಳಿಸಿಕೊಟ್ಟರು.

“ಮೀಟರ್ ಬೇಕಾದ್ರೆ ಸುಳ್ಳು ಹೇಳತ್ತೆ, ಕಿವಿ ಹೇಳಲ್ಲ ಅಂತ ನಾನು ಯಾವಾಗ್ಲೂ ಜಂಬ ಕೊಚ್ಚಿಕೊಳ್ತಿದ್ದೆ. ಆ ಜಂಬಾನೇ ನನ್ನ ಹಳ್ಳಕ್ಕೆ ಹಾಕಿದ್ದು” ಎನ್ನುತ್ತಾರೆ.

ಕ್ಷೌರಿಕ ಮರಳಿ ಬಂದು, ಈಗ ಬಲಗಡೆ ಸಣ್ಣಗಾಗಿದೆ ಎಂದ. ಸ್ಪೀಕರು ಇಟ್ಟ ಜಾಗ ಸರಿಯಿಲ್ಲವೆಂದು ವಾಲ್ವಣ್ಣ ವಾದಿಸಿದರು. ಸೆಟ್ಟನ್ನು ಇನ್ನೊಮ್ಮೆ ಒರೆಸಿ, ತಟ್ಟಿ, ಹಾಗೇ ಕೊಟ್ಟರು. ಮತ್ತೆ ಬಂದಾಗ ತಾಳ್ಮೆ ತಪ್ಪಿ, ಮೊದಲು ನಿನ್ನ ಕಿವಿ ತೋರಿಸಿಕೊಂಡು ಬಾ ಎಂದುಬಿಟ್ಟರು. ಆತ ಸರಿ ಎಂದು ತಲೆಯಾಡಿಸಿ, ಸೆಟ್ಟನ್ನು ಮೇಜಿನ ಮೇಲೆ ಬಿಟ್ಟು ಹೋದ. ಆ ತಲೆಯಾಟವೇ ವಾಲ್ವಣ್ಣನನ್ನು ಚುಚ್ಚಿತು.

ಮರುದಿನ ಬೆಳಕು ಹರಿಯುವ ಮುನ್ನ ಎಲ್ಲವನ್ನೂ ಮತ್ತೆ ಅದಲುಬದಲು ಮಾಡಿದರು. ರೆಸಿಸ್ಟರನ್ನು ಮೊದಲಿನಂತೆ ಮಾಡಿ, ವಾಲ್ವು ಬದಲಿಸಿ, ತಂತಿ ಬದಲಿಸಿ, ಕೊನೆಗೆ ಸ್ಪೀಕರಿನ ಪೆಟ್ಟಿಗೆಗಳನ್ನೇ ಆಚೆಯದು ಈಚೆಗೆ ಇಟ್ಟರು. ಏನು ಮಾಡಿದರೂ ಎಡಗಡೆಯೇ ಸಣ್ಣಗೆ. ಇಡೀ ಕೋಣೆಯಲ್ಲಿ ಬದಲಿಸದೆ ಉಳಿದದ್ದು ಒಂದೇ. ಕೂತ ಕುರ್ಚಿಯನ್ನು ತಿರುಗಿಸಿ, ಸೆಟ್ಟಿಗೆ ಬೆನ್ನು ಹಾಕಿ ಕೂತರು. ಅಷ್ಟು ಹೊತ್ತು ಜೋರಾಗಿದ್ದ ಸ್ಪೀಕರು ಈಗ ಸಣ್ಣಗಾಯಿತು.

“ಕಳ್ಳ ಪೆಟ್ಟಿಗೇಲಿ ಇರ್ಲಿಲ್ಲ. ನನ್ನ ಎಡಗಿವಿಯಲ್ಲೇ ಕೂತಿದ್ದ.”

ವಯಸ್ಸಿನ ಸವೆತ, ಮೆಲ್ಲಗೆ ಬಂದಿದೆ, ಹೋಗುವುದಿಲ್ಲ ಎಂದು ಕಿವಿಯ ಡಾಕ್ಟರು ಹೇಳಿದರು. ಆಮೇಲೆ ಕೆಲವು ದಿನ ವಾಲ್ವಣ್ಣ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೀಟರನ್ನೇ ನಂಬಿ ಕೆಲಸ ಮಾಡಬಹುದಲ್ಲ ಎಂದು ನಾನು ಕೇಳುತ್ತೇನೆ. ಅರ್ಧ ಕೆಲಸಕ್ಕೆ ಆಗುತ್ತದೆ ಎನ್ನುತ್ತಾರೆ. ಹಳೆಯ ಸೆಟ್ಟಿನ ವಾಲ್ಯೂಮ್ ಗುಂಡಿ ಸವೆದಿರುತ್ತದೆ. ದನಿ ಏರಿಸಿದಾಗ ಸಮವಿದ್ದದ್ದು ತಗ್ಗಿಸಿದಾಗ ಒಂದು ಪಕ್ಕಕ್ಕೆ ಜಾರುತ್ತದೆ. ಎಷ್ಟು ಜಾರಿದರೆ ಕೇಳುವವನಿಗೆ ಕಿರಿಕಿರಿ ಎಂಬುದನ್ನು ಮೀಟರಿನ ಯಾವ ಮುಳ್ಳೂ ಹೇಳುವುದಿಲ್ಲ, ಅದಕ್ಕೆ ಕೇಳುವವರೇ ಬೇಕು.

ಹಾಗೆ ಕೇಳಲು ಕೂತವರು ಅವರ ಹೆಂಡತಿ. ಮೊದಲು ಒಪ್ಪಲಿಲ್ಲ. ರೆಸಿಸ್ಟರಿಗೂ ರವಿಕೆಯ ಹುಕ್ಕಿಗೂ ವ್ಯತ್ಯಾಸ ಗೊತ್ತಿಲ್ಲದವಳನ್ನು ಯಾಕೆ ಎಳೆಯುತ್ತೀರಿ ಎಂದರಂತೆ. ಗಂಡ ಅಂಗಲಾಚಿದ ಮೇಲೆ, ಹೊಲಿಯುವ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದು ಎರಡು ಸ್ಪೀಕರುಗಳ ಮಧ್ಯೆ ಸ್ಟೂಲು ಹಾಕಿಕೊಂಡರು. ಈಗಲೂ ಹಾಗೇ ಕೂತಿದ್ದಾರೆ. ರೇಡಿಯೋದಲ್ಲಿ ಒಬ್ಬಾತ ವಾರ್ತೆ ಓದುತ್ತಿದ್ದಾನೆ. ಎರಡು ಪಕ್ಕವೂ ಸಮವಿದ್ದರೆ ಅವನ ದನಿ ನಟ್ಟನಡುವೆ, ಎದುರಿಗೇ ನಿಂತು ಓದಿದಂತೆ ಕೇಳಬೇಕು. ವಾಲ್ವಣ್ಣ ಗುಂಡಿಯನ್ನು ಮೆಲ್ಲಗೆ ತಗ್ಗಿಸುತ್ತಾರೆ. ಆಕೆ ಕಣ್ಣು ಮುಚ್ಚಿದ್ದಾರೆ. ಎಡ, ಬಲ ಎಂಬ ಮಾತೇ ಆಕೆಯ ಬಾಯಲ್ಲಿಲ್ಲ.

“ಈಗ ಕಿಟಕಿ ಕಡೆ ಸರಿದ. ಇನ್ನೂ ಹೋಗ್ತಿದಾನೆ. ಹಾಂ, ವಾಪಸ್ ಬಂದ. ನಿಂತ.”

ವಾಲ್ವಣ್ಣ ಕರೆಂಟು ಆರಿಸುತ್ತಾರೆ, ಕಂಡೆನ್ಸರುಗಳಲ್ಲಿ ಉಳಿದ ಷಾಕನ್ನು ಇಳಿಸುತ್ತಾರೆ, ಒಂದು ಬೆಸುಗೆ ಹಾಕುತ್ತಾರೆ, ಮತ್ತೆ ಹಚ್ಚುತ್ತಾರೆ. ವಾರ್ತೆಯವನು ಮತ್ತೆ ನಡೆದಾಡುತ್ತಾನೆ. ಆಕೆ ಅವನನ್ನು ಬಿಡುವುದಿಲ್ಲ. ಇಷ್ಟು ವರ್ಷ ಕರೆದಾಗಲೆಲ್ಲ ಗಂಡ ಓಗೊಡದೆ ಇದ್ದದ್ದು ಸೊಕ್ಕಿನಿಂದಲ್ಲ ಎಂದು ಆಕೆಗೆ ಈಗ ಗೊತ್ತಾಯಿತಂತೆ. ಒಂದು ಕಿವಿಯ ತಪ್ಪನ್ನು ಮನ್ನಿಸಿದ್ದೇನೆ, ಇನ್ನೊಂದರ ವಿಚಾರಣೆ ಬಾಕಿಯಿದೆ ಎಂದು ನನಗೆ ಹೇಳುತ್ತಾರೆ. ವಾಲ್ವಣ್ಣ ಕೇಳಿಸದವರಂತೆ ಸ್ಕ್ರೂ ಬಿಗಿಯುತ್ತಾರೆ. ನನಗೆ ಈ ಇಬ್ಬರ ಮೇಲೂ ಮುದ್ದು ಬರುತ್ತದೆ.

ಬಿಸಿಲು ಬೀದಿಗಿಳಿಯುವ ಹೊತ್ತಿಗೆ ಮೂವರೂ ಕ್ಷೌರದಂಗಡಿಯಲ್ಲಿದ್ದೇವೆ. ವಾಲ್ವಣ್ಣ ಸೆಟ್ಟಿಗೆ ತಂತಿ ಜೋಡಿಸುತ್ತಾರೆ. ಕ್ಷೌರಿಕ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು, ವಾರ್ತೆ ಹಾಕಲು ಹೇಳುತ್ತಾನೆ. ದನಿ ಏರುತ್ತದೆ, ಇಳಿಯುತ್ತದೆ, ಪಿಸುಮಾತಿನಷ್ಟು ಸಣ್ಣಗಾಗುತ್ತದೆ. ಬಾಗಿಲ ಬಳಿ ನಿಂತ ವಾಲ್ವಣ್ಣನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾರೆ. ಕೊನೆಗೆ ಕ್ಷೌರಿಕ ಕೈಯೆತ್ತಿ ಎದುರಿನ ಕನ್ನಡಿಯ ನಟ್ಟನಡುವೆ ಬೆರಳಿಡುತ್ತಾನೆ.

“ಇಲ್ಲಿದಾನೆ. ಅಪ್ಪ ಇದ್ದಾಗ ಇಲ್ಲೇ ಇರ್ತಿದ್ದ.”

ವಾಲ್ವಣ್ಣ ಆಗ ಎಲ್ಲವನ್ನೂ ಹೇಳುತ್ತಾರೆ. ತಮ್ಮ ಕಿವಿಯ ವಿಷಯ, ಕುರ್ಚಿ ತಿರುಗಿಸಿದ್ದು, ಅವನ ಮೇಲೆ ಹರಿಹಾಯ್ದದ್ದು. ಇವತ್ತು ಕೈ ಮಾತ್ರ ತನ್ನದು, ಕಿವಿ ಇವಳದು ಎಂದು ಹೆಂಡತಿಯ ಕಡೆ ತೋರಿಸುತ್ತಾರೆ. ಕ್ಷೌರಿಕ ನಗಲೋ ಬೇಡವೋ ಎಂದು ಅನುಮಾನಿಸಿ ನಗುತ್ತಾನೆ. ಅವರ ಮಾತನ್ನು ನಂಬಿ ತಾನು ನಿಜಕ್ಕೂ ಕಿವಿ ತೋರಿಸಿಕೊಂಡು ಬಂದೆ, ಸರಿಯಿರುವ ಕಿವಿಗೆ ಯಾಕೆ ಬಂದೆ ಎಂದು ಡಾಕ್ಟರು ಬೈದು ಕಳಿಸಿದರು ಎನ್ನುತ್ತಾನೆ.

ಅಂಗಡಿ ಇನ್ನು ಮುಚ್ಚುವುದಿಲ್ಲ ತಾನೆ ಎಂದು ದಾರಿಯಲ್ಲಿ ಕೇಳುತ್ತೇನೆ. ಮುಚ್ಚುವುದಕ್ಕೆ ಪುರುಸೊತ್ತೆಲ್ಲಿ ಎಂದು ಹೆಂಡತಿಯೇ ಉತ್ತರ ಕೊಡುತ್ತಾರೆ. ಕಿವಿ ಸೋಲತೊಡಗಿದ ಮೇಲೆ ತಮ್ಮ ಕೈಯಿಂದ ಹೊರಗೆ ಹೋದ ಸೆಟ್ಟುಗಳನ್ನೆಲ್ಲ ಮನೆಮನೆಗೆ ಹೋಗಿ ವಾಪಸು ತರಬೇಕೆಂಬುದು ವಾಲ್ವಣ್ಣನ ಆಸೆ. ಒಂದೊಂದನ್ನೂ ಆಕೆಯ ಮುಂದಿಟ್ಟು ಮತ್ತೆ ಸರಿಮಾಡಬೇಕಂತೆ. ಆ ಮನೆಗಳವರು ಯಾರೂ ಈವರೆಗೆ ದೂರಿಲ್ಲವಲ್ಲ ಎಂದು ನಾನು ನೆನಪಿಸುತ್ತೇನೆ.

ವಾಲ್ವಣ್ಣ ನಿಂತು, ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಇನ್ನೊಮ್ಮೆ ಹೇಳಿ ಎನ್ನುತ್ತಾರೆ. ಹೇಳುತ್ತೇನೆ.

“ಅವರಿಗೆ ಗೊತ್ತಾಗಿಲ್ಲ, ನಿಜ. ನಂಗೆ ಗೊತ್ತಾಗಿದೆಯಲ್ಲ.”