ಪಾರ್ಲಿಮೆಂಟಿನ ದಿನಚರಿ, ನಮ್ಮ ಡೆಕ್ಕಿನ ಸಂಡಿಗೆ

ಹುಬ್ಬಳ್ಳಿಯಿಂದ ಅಮೆರಿಕದ ಸ್ನೊಕ್ವಾಲ್ಮಿಗೆ ಬಂದ ಹೊಸತರಲ್ಲಿ, ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಲೈಬ್ರರಿಯೇ ನನ್ನ ಆಫೀಸು. ಅಲ್ಲಿಯವರು ಹಳೇ ಪುಸ್ತಕಗಳನ್ನು ಮಾರುತ್ತಿದ್ದಾಗ ಒಂದು ದಪ್ಪ ದಿನಚರಿ ಸಿಕ್ಕಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿದ್ದ, ಈಗ ಯಾರಿಗೂ ನೆನಪಿಲ್ಲದ ಒಬ್ಬ ಸದಸ್ಯನದು.

ಘನವಾದ ಭಾಷಣಗಳಿರುತ್ತವೆ ಅಂದುಕೊಂಡಿದ್ದೆ. ಮಹಾರಾಯ ಬರೆದಿದ್ದದ್ದು ಸೂಪು ತಣ್ಣಗಿತ್ತು, ಪಕ್ಕದವನು ಗೊರಕೆ ಹೊಡೆದ ಅಂತ. ಭಾರತದ ವಿಷಯ ಬಂದರೆ ಬೆಂಚುಗಳೆಲ್ಲ ಖಾಲಿ, ಎಲ್ಲರೂ ಊಟಕ್ಕೆ. ಹೆಂಗಸರು ಮೇಲೆ ಜಾಲರಿಯ ಹಿಂದೆ ಕೂತು ನೋಡಬೇಕು. ನಿಜವಾದ ತೀರ್ಮಾನಗಳೆಲ್ಲ ಆಗುತ್ತಿದ್ದದ್ದು ನದಿ ಕಡೆಯ ಜಗುಲಿಯಲ್ಲಿ, ಚಹಾ ಕುಡಿಯುತ್ತ.

ಒಬ್ಬಳೇ ನಗುತ್ತಿದ್ದರೆ ನನ್ನ ಗಂಡ, "ಏನಾತು? ಯಾಕ ನಗಾಕತ್ತಿ?" ಅನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅಪರೂಪಕ್ಕೆ ಒಳ್ಳೇ ಬಿಸಿಲು ಬಿತ್ತು. ಮನೆಯ ಹಿಂದಿನ ಮರದ ಜಗುಲಿ, ಅಂದರೆ ಡೆಕ್ಕಿನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟೆ. ಡೆಕ್ಕಿನಲ್ಲಿ ಏನನ್ನೂ ಒಣಗಿಸುವಂತಿಲ್ಲ ಎಂದು ಬಡಾವಣೆಯ ಮನೆಮಾಲೀಕರ ಸಂಘದಿಂದ ಆಕ್ಷೇಪಣೆ ಬಂತು.

"ತೆಗೆದುಬಿಡು, ಮಾರಾಯ್ತಿ. ಯಾಕ ಬೇಕು ಜಗಳ?" ಅಂದರು ಇವರು.

"ಇಲ್ಲರೀ, ನಾ ಮೀಟಿಂಗಿಗೆ ಹೋಗ್ತೀನಿ."

ಹೋದೆ. ಬೇಲಿಗೆ ಯಾವ ಬಣ್ಣ ಅನ್ನುವುದರ ಮೇಲೆ ಒಬ್ಬರು ಮಾತಾಡಿದ್ದೇ ಮಾತಾಡಿದ್ದು. ಮುಂದಿನ ಸಾಲಿನಲ್ಲಿ ಒಬ್ಬರಿಗೆ ಸೊಗಸಾದ ನಿದ್ದೆ. ದಿನಚರಿಯ ಪುಟದೊಳಗೇ ಕಾಲಿಟ್ಟಂತಾಗಿ ನನ್ನ ಹೆದರಿಕೆ ಅರ್ಧ ಇಳಿಯಿತು. ನನ್ನ ಸರದಿ ಬಂದಾಗ ಎದ್ದು ನಿಂತೆ. "ಅದು ಬಟ್ಟೆಯಲ್ಲ, ತಿನ್ನೋದು," ಎಂದಷ್ಟೇ ಹೇಳಲು ಸಾಧ್ಯವಾಯಿತು. ಅಧ್ಯಕ್ಷೆ, ಬೆಳ್ಳಿಗೂದಲಿನ ಹೆಂಗಸು, ಕನ್ನಡಕ ಸರಿಮಾಡಿಕೊಂಡು ವಿಷಯವನ್ನು ಮುಂದೂಡಿದರು.

ಹೊರಗೆ ಬಂದವಳು, ದಿನಚರಿಯ ಆ ಜಗುಲಿ ನೆನಪಾಗಿ, ಅವರನ್ನೇ ತಡೆದು ಚಹಾಕ್ಕೆ ಕರೆದೆ. ಭಾನುವಾರ ಬಂದರು. ಡೆಕ್ಕಿನಲ್ಲಿ ಕೂರಿಸಿ, ಏಲಕ್ಕಿ ಚಹಾದ ಜೊತೆ ಬಿಸಿಬಿಸಿ ಸಂಡಿಗೆ ಕರಿದುಕೊಟ್ಟೆ. ಒಂದು ತಿಂದರು. ಇನ್ನೊಂದಕ್ಕೆ ತಾವೇ ಕೈ ಹಾಕಿದರು.

"ಇದನ್ನಾ ನಾವು ಬೇಡ ಅಂದದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿ ಜೋರಾಗಿ ನಕ್ಕರು.

ಮುಂದಿನ ಸಭೆಯಲ್ಲಿ, ಬೀದಿಗೆ ಕಾಣದ ಹಿಂದಿನ ಡೆಕ್ಕಿನಲ್ಲಿ ತಿನಿಸು ಒಣಗಿಸಬಹುದು ಅಂತಾಯಿತು. ಯಾರೂ ವಿರೋಧಿಸಲಿಲ್ಲ. ಆ ಉತ್ಸಾಹದಲ್ಲೇ ಅಧ್ಯಕ್ಷೆ ನನ್ನನ್ನು ಬೇಲಿ ಸಮಿತಿಗೆ ಸೇರಿಸಿಬಿಟ್ಟರು. ಅಲ್ಲಿ ನಾನು ಅರಿಶಿನ ಬಣ್ಣದ ಪರವಾಗಿ ಆವೇಶದಿಂದ ಮಾತಾಡಿದೆ. ನನ್ನದೊಂದೇ ವೋಟು ಬಿತ್ತು.