ಗುಡ್ಡದ ಸಾಲಿನ ವಾಲ್ವ್

ನೀರುಗಂಟಿಯ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ಊರವರು ಹೇಳುತ್ತಿದ್ದರು. ಈಚೆಗೆ ಕೈಯೂ ಕೆಟ್ಟಿತು ಎನ್ನತೊಡಗಿದ್ದರು. ಕಾರಣ, ಇಟ್ಟಿಗೆ ಭಟ್ಟಿಯ ಹಿಂದಿನ ಶೆಡ್ಡುಗಳು.

ಗಡಿಯಾಚೆಯಿಂದ ಕಾಗದಪತ್ರವಿಲ್ಲದೆ ಬಂದವರನ್ನು ಭಟ್ಟಿಯ ಧಣಿ ಅರ್ಧ ಕೂಲಿಗೆ ಅಲ್ಲಿ ತುಂಬಿಕೊಂಡಿದ್ದ. ಅಂಥವರನ್ನು ಕೆಲಸಕ್ಕಿಟ್ಟುಕೊಳ್ಳಬಾರದೆಂದು ಕಾನೂನೇನೋ ಇದೆ. ಅದನ್ನು ಜಾರಿ ಮಾಡಬೇಕಾದ ಸಾಹೇಬರು ತಪಾಸಣೆಗೆಂದು ಬಂದು, ಧಣಿಯ ಪಕ್ಕ ಕೂತು ಟೀ ಕುಡಿದು, ಮೀಸೆ ಒರೆಸಿಕೊಂಡು ಹೋಗುತ್ತಿದ್ದರು. ಊರಿನ ಟ್ಯಾಂಕಿಗೆ ಬರುವ ನೀರು ಮಾತ್ರ ಹಳೆಯ ಜನಗಣತಿಯ ಲೆಕ್ಕದಷ್ಟೇ.

ನೀರುಗಂಟಿಯದೊಂದು ಪದ್ಧತಿ: ಕಡೆಯ ಬೀದಿಗೆ ಮೊದಲು ನೀರು. ಟ್ಯಾಂಕು ತುಂಬಿರುವಾಗ ಬಿಟ್ಟರೆ ಮಾತ್ರ ಅಲ್ಲಿಗೆ ತಲುಪುತ್ತದೆ. ಈಗ ಕಡೆ ಎಂದರೆ ಶೆಡ್ಡುಗಳು. ಅವಕ್ಕೆ ಬಿಟ್ಟು ಮುಗಿಸುವಷ್ಟರಲ್ಲಿ ಅವನ ಸ್ವಂತ ಅಕ್ಕನ ಬೀದಿಯ ನಲ್ಲಿಗಳಲ್ಲಿ ಬರೀ ಗಾಳಿ ಬುಸುಗುಟ್ಟುತ್ತಿತ್ತು.

ಅಕ್ಕ ಖಾಲಿ ಕೊಡವನ್ನು ಅವನ ಕಾಲ ಬಳಿ ಕುಕ್ಕಿದಳು. "ಮನೇಲಿ ಬಾಣಂತಿ ಇದಾಳೆ ಕಣೋ. ಅವರ ಮಕ್ಕಳು ಮಕ್ಕಳು, ನನ್ನ ಮೊಮ್ಮಗು ಏನು ಮರದ ಗೊಂಬೆನಾ?"

"ಅವರೂ ಕುಡೀಬೇಕಲ್ವೇನಕ್ಕಾ?"

"ಕುಡೀಲಿ, ಯಾರು ಬೇಡ ಅಂದ್ರು? ನನ್ನ ಕೊಡದಿಂದಲೇ ಯಾಕೆ?"

ಊರಿನ ನೀರಿನ ಉಸ್ತುವಾರಿಯೂ ಆ ಸಾಹೇಬರದೇ. ಅವನು ನೆಟ್ಟಗೆ ಅವರ ಕಚೇರಿಗೆ ಹೋದ. ಸಾಹೇಬರು ಫೈಲಿನಿಂದ ತಲೆ ಎತ್ತದೆ, "ಶೆಡ್ಡಿನ ವಾಲ್ವ್ ಮುಚ್ಚಿಬಿಡು. ಅವರು ನಮ್ಮ ಲೆಕ್ಕದಲ್ಲೇ ಇಲ್ಲ" ಎಂದರು.

"ಲೆಕ್ಕದಲ್ಲಿ ಇಲ್ದೋರಿಗೆ ಬಾಯಾರಲ್ವಾ ಸಾರ್? ಒಳಗೆ ಬಿಟ್ಟೋರು ಯಾರು?"

"ನಿನ್ನ ಕೆಲಸ ನೀರು ಬಿಡೋದು. ಅಷ್ಟು ನೋಡ್ಕೋ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದವರು ಫ್ಯಾನಿನ ಕೆಳಗೆ, ದಂಡ ತೆರುವವರು ಬಿಸಿಲಿನಲ್ಲಿ. ಇದ್ಯಾವ ಸೀಮೆಯ ನ್ಯಾಯ!

ಮರುದಿನ ಬೆಳಿಗ್ಗೆ ಶೆಡ್ಡುಗಳಿಗೂ ಬಿಟ್ಟ, ಅಕ್ಕನ ಬೀದಿಗೂ ಧಾರಾಳವಾಗಿ ಬಿಟ್ಟ. ಗುಡ್ಡದ ಸಾಲಿನಲ್ಲಿ ಇದ್ದದ್ದು ಧಣಿಯ ಬಂಗಲೆ, ಸಾಹೇಬರ ಕ್ವಾರ್ಟರ್ಸ್, ಎರಡು ಹಸಿರು ಹುಲ್ಲುಹಾಸು. ಆ ವಾಲ್ವನ್ನು ಹಲ್ಲು ಕಚ್ಚಿ ಬಿಗಿದ.

ಸ್ವಲ್ಪ ಹೊತ್ತಿಗೇ ಸಾಹೇಬರ ಫೋನು ಬಂತು. "ತಲೆಗೆ ಸೋಪು ಹಚ್ಕೊಂಡು ನಿಂತಿದೀನಿ! ನೀರೆಲ್ಲೋ?"

"ನೀವು ಒಳಗೆ ಬಿಟ್ಕೊಂಡ ನೆಂಟ್ರು ಕುಡೀತಿದಾರೆ ಸಾರ್."

"ಕೆಲಸದಿಂದ ಕಿತ್ತು ಬಿಸಾಕ್ತೀನಿ!"

"ಬಿಸಾಕಿ. ಹೊಸಬ ಬಂದ್ರೂ ಟ್ಯಾಂಕು ಇದೊಂದೇ. ಯಾರ ಮನೆ ಒಣಗಿಸ್ಬೇಕು ಅಂತ ಅವನಿಗೆ ನೀವೇ ಬಾಯಿ ಬಿಟ್ಟು ಹೇಳಿ."

ಮಧ್ಯಾಹ್ನದೊಳಗೆ ಅವನ ಕೆಲಸ ಹೋಯಿತು. ಸಂಜೆ ಶೆಡ್ಡಿನ ವಾಲ್ವ್‌ಗೆ ಬೀಗ ಬಿತ್ತು. ಶೆಡ್ಡಿನ ಜನರನ್ನು ಮಾತ್ರ ಯಾರೂ ಕದಲಿಸಲಿಲ್ಲ. ಬೆಳಗಾದರೆ ಅವರು ಭಟ್ಟಿಗೆ ಇಟ್ಟಿಗೆ ಹೊರಬೇಕಿತ್ತು.